ಯೆಜ್ಡಿ ಎಳೀತಿಲ್ವಾ? ಮೊದಲು ಸೈಲೆನ್ಸರ್ ಬಿಚ್ಚಿ

ನಮ್ಮ ಸಿಲಬಸ್‌ನಲ್ಲಿ ಎರಡು ಸ್ಟ್ರೋಕ್ ಇಂಜಿನ್ ಅಂದ್ರೆ ಒಂದು ಚಿತ್ರ, ಒಂದು ಪೋರ್ಟ್ ಟೈಮಿಂಗ್ ಡಯಾಗ್ರಾಂ, ನಾಲ್ಕು ಸ್ಟ್ರೋಕ್ ಜೊತೆ ಒಂದು ಹೋಲಿಕೆ ಪಟ್ಟಿ. ಅಲ್ಲಿಗೆ ಮುಗೀತು. ಆದರೆ ಮೈಸೂರು ಜಿಲ್ಲೆಯಲ್ಲಿ ಓದೋರಿಗೆ ಈ ಇಂಜಿನ್ ಪುಸ್ತಕದ ಚಿತ್ರ ಮಾತ್ರ ಅಲ್ಲ. ಐಡಿಯಲ್ ಜಾವಾ ಕಾರ್ಖಾನೆ ಇದ್ದದ್ದು ಮೈಸೂರಿನ ಯಾದವಗಿರಿಯಲ್ಲಿ. 1961ರಿಂದ ಅಲ್ಲಿ ಜಾವಾ ತಯಾರಾಯಿತು, 1970ರ ದಶಕದಲ್ಲಿ ಅದೇ ಯೆಜ್ಡಿ ಆಯಿತು, 1996ರಲ್ಲಿ ಕಾರ್ಖಾನೆ ಬಾಗಿಲು ಮುಚ್ಚಿತು. ಗಾಡಿಗಳು ಮಾತ್ರ ಇನ್ನೂ ಓಡ್ತಿವೆ. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆ ಯಾವುದಾದರೂ ಹಳೇ ಮನೆಯ ಕೊಟ್ಟಿಗೆಯಲ್ಲಿ ಗೋಣಿಚೀಲ ಹೊದ್ದುಕೊಂಡು ನಿಂತಿರೋ ಒಂದು ಯೆಜ್ಡಿ ನಿಮಗೂ ಗೊತ್ತಿರಬಹುದು.

2018ರಲ್ಲಿ ಜಾವಾ ಹೆಸರು ಮತ್ತೆ ಬಂತಲ್ಲ, ಅಲ್ಲಿಂದ ಸ್ಪೇರ್ ಸಿಗಲ್ವಾ ಅಂತ ಕೇಳಬೇಡಿ. ಹೊಸ ಜಾವಾದ್ದು ನಾಲ್ಕು ಸ್ಟ್ರೋಕ್, ಲಿಕ್ವಿಡ್ ಕೂಲಿಂಗ್ ಇರೋ ಇಂಜಿನ್. ಹಳೇ ಗಾಡಿಯ ಪಿಸ್ಟನ್, ರಿಂಗ್, ಸಿಲಿಂಡರ್ ಯಾವುದೂ ಅದರಿಂದ ಬರಲ್ಲ. ಹಾಗಾಗಿ ಹಳೇ ಇಂಜಿನ್ ಮೇಲೆ ಮಾಡೋ ಪ್ರತಿ ಕೆಲಸಕ್ಕೂ ಒಂದು ಬೆಲೆ ಇದೆ. ಸಿಲಿಂಡರನ್ನು ಬೇಕಾದಷ್ಟು ಸಲ ಬೋರ್ ಮಾಡಿಸಕ್ಕೆ ಆಗಲ್ಲ. ಪ್ರತಿ ಸಲವೂ ಸಾಮಾನ್ಯವಾಗಿ 0.25 ಅಥವಾ 0.5 ಮಿ.ಮೀ. ಲೋಹ ಹೋಗುತ್ತೆ, ಅದು ವಾಪಸ್ ಬರಲ್ಲ. ಕಾರ್ಬನ್ ಕಟ್ಟಿದ ಇಂಜಿನ್ನನ್ನು 'ಸವೆದ ಇಂಜಿನ್' ಅಂದುಕೊಂಡು ಬೋರ್ ಮಾಡಿಸಿದರೆ, ಗಾಡಿಯ ಆಯಸ್ಸಿನಲ್ಲಿ ಒಂದು ಪಾಲು ಸುಮ್ಮನೆ ಹೋದ ಹಾಗೆ. ಈ ಪಾಠ ಅದನ್ನು ತಪ್ಪಿಸೋದಕ್ಕೆ.

ಕಾರ್ಬನ್ ಎಲ್ಲಿಂದ ಬರುತ್ತೆ?

ನಾಲ್ಕು ಸ್ಟ್ರೋಕ್ ಇಂಜಿನ್‌ನಲ್ಲಿ ಆಯಿಲ್ ಕೆಳಗೆ ಸಂಪ್‌ನಲ್ಲಿರುತ್ತೆ. ಅದನ್ನು ಮೇಲೆ ಬರದಂತೆ ತಡೆಯೋದೇ ಆಯಿಲ್ ರಿಂಗಿನ ಕೆಲಸ. ಹಳೇ ಜಾವಾ, ಯೆಜ್ಡಿಯಲ್ಲಿ ಉಲ್ಟಾ. ಆಯಿಲನ್ನು ಪೆಟ್ರೋಲಿಗೇ ಬೆರೆಸ್ತೀವಿ. ಅದು ಕ್ರ್ಯಾಂಕ್‌ಕೇಸಿನ ಮೂಲಕ ಬಂದು ಬೇರಿಂಗ್, ಪಿಸ್ಟನ್ ಎಲ್ಲ ನೆನೆಸಿ, ಕೊನೆಗೆ ಪೆಟ್ರೋಲ್ ಜೊತೆ ತಾನೂ ಉರಿಯುತ್ತೆ.

ಎಷ್ಟು ಆಯಿಲ್ ಅಂತ ಒಂದು ಲೆಕ್ಕ ಮಾಡೋಣ. ಲೀಟರಿಗೆ 40 ಮಿ.ಲೀ. ಬೆರೆಸಿದರೆ ಅದು 1:25. ಗಾಡಿ ಲೀಟರಿಗೆ 30 ಕಿ.ಮೀ. ಕೊಡುತ್ತೆ ಅಂದುಕೊಂಡರೆ, 1000 ಕಿ.ಮೀ.ಗೆ 33 ಲೀಟರ್ ಪೆಟ್ರೋಲ್, ಅದರ ಜೊತೆ 1.3 ಲೀಟರ್ ಆಯಿಲ್. ಅಷ್ಟೂ ಆಯಿಲ್ ದಹನ ಕೋಣೆ ದಾಟಿಯೇ ಹೊರಗೆ ಹೋಗಬೇಕು. ಪೆಟ್ರೋಲ್ ಸುಲಭವಾಗಿ ಆವಿಯಾಗಿ ಉರಿಯುತ್ತೆ. ಆಯಿಲಿನ ಭಾರವಾದ ಅಂಶ ಪೂರ್ತಿ ಉರಿಯಲ್ಲ. ಸ್ವಲ್ಪ ಹೊಗೆಯಾಗಿ ಹೋಗುತ್ತೆ, ಸ್ವಲ್ಪ ಬಿಸಿ ಲೋಹದ ಮೇಲೆ ಅಂಟಿ, ಹಾಲು ಕಾಯಿಸಿದ ಪಾತ್ರೆಯ ತಳ ಸೀದ ಹಾಗೆ ಸೀಯುತ್ತೆ.

ಇನ್ನೊಂದು ವಿಷಯ ನೆನಪಿರಲಿ. ನಾವು 'ಕಾರ್ಬನ್' ಅಂತೀವಿ, ಆದರೆ ಅದು ಶುದ್ಧ ಕಾರ್ಬನ್ ಅಲ್ಲ. ಮಸಿ, ಅರೆಬೆಂದ ಆಯಿಲಿನ ಟಾರ್, ಆಯಿಲಿನ ಅಡಿಟಿವ್‌ಗಳ ಬೂದಿ, ಧೂಳು ಎಲ್ಲ ಸೇರಿದ ಒಂದು ಪದರ. ಟಾರ್ ಇದನ್ನೆಲ್ಲ ಹಿಡಿದಿಟ್ಟಿರೋ ಗೋಂದಿನ ಥರ. ಸೀಮೆಎಣ್ಣೆಯಲ್ಲಿ ನೆನೆಹಾಕಿದರೆ ಕಾರ್ಬನ್ ಕರಗಲ್ಲ. ಆದರೆ ಈ ಗೋಂದು ಮೆತ್ತಗಾಗುತ್ತೆ, ಕೆರೆಯೋದು ಸುಲಭ ಆಗುತ್ತೆ.

ಎಲ್ಲಿ ಕೂತರೆ ಎಷ್ಟು ತೊಂದರೆ?

ಕಾರ್ಬನ್ ಅಂದ ತಕ್ಷಣ ಎಲ್ಲರ ಕಣ್ಣ ಮುಂದೆ ಬರೋದು ಪಿಸ್ಟನ್ ತಲೆ. ಲೆಕ್ಕ ಬೇರೆ ಹೇಳುತ್ತೆ.

ಜಾವಾ 250ರ ಬೋರ್ 65 ಮಿ.ಮೀ., ಸ್ಟ್ರೋಕ್ 75 ಮಿ.ಮೀ. ಅಂದ್ರೆ ಸ್ವೆಪ್ಟ್ ವಾಲ್ಯೂಮ್ ಸುಮಾರು 249 ಸಿಸಿ. ಲೆಕ್ಕದ ಸುಲಭಕ್ಕೆ ಕಂಪ್ರೆಷನ್ ರೇಶಿಯೋ 7 ಅಂತ ಇಟ್ಟುಕೊಳ್ಳಿ. ಆಗ ಕ್ಲಿಯರೆನ್ಸ್ ವಾಲ್ಯೂಮ್ 249 ಭಾಗಿಸು 6, ಅಂದ್ರೆ 41.5 ಸಿಸಿ. ಪಿಸ್ಟನ್ ತಲೆಯ ವಿಸ್ತೀರ್ಣ ಸುಮಾರು 33 ಚದರ ಸೆಂ.ಮೀ. ಹೆಡ್ಡಿನ ಒಳಮೈ ಒಂದು 40 ಚದರ ಸೆಂ.ಮೀ. ಅನ್ನೋಣ. ಎರಡರ ಮೇಲೂ ಅರ್ಧ ಮಿ.ಮೀ. ಕಾರ್ಬನ್ ಕೂತರೆ ಅದು ತಿನ್ನೋ ಜಾಗ ಸುಮಾರು 3.6 ಸಿಸಿ. ಕ್ಲಿಯರೆನ್ಸ್ 37.9ಕ್ಕೆ ಇಳಿಯುತ್ತೆ, ರೇಶಿಯೋ 7ರಿಂದ ಸುಮಾರು 7.6ಕ್ಕೆ ಏರುತ್ತೆ. ಇಂಜಿನ್ ಬಿಸಿಯಾಗುತ್ತೆ, ಏರಿನಲ್ಲಿ ಟಕಟಕ ಅಂತ ಬಡಿಯಬಹುದು. ಕೆಂಡದ ಥರ ಕಾದ ಕಾರ್ಬನ್ ಚೂರು, ಕೀ ತೆಗೆದ ಮೇಲೂ ಇಂಜಿನ್ನನ್ನು ನಾಲ್ಕು ಸುತ್ತು ಓಡಿಸಬಹುದು. ತೊಂದರೆ ನಿಜ. ಆದರೆ ಗಾಡಿ 'ಎಳೀತಿಲ್ಲ' ಅನ್ನೋದಕ್ಕೆ ಇದು ಮುಖ್ಯ ಕಾರಣ ಅಲ್ಲ.

ಈಗ ಎಕ್ಸಾಸ್ಟ್ ದಾರಿಗೆ ಬನ್ನಿ. 36 ಮಿ.ಮೀ. ಒಳವ್ಯಾಸದ ಒಂದು ಕೊಳವೆ ಅನ್ನೋಣ. ಸುತ್ತಲೂ 3 ಮಿ.ಮೀ. ಕಾರ್ಬನ್ ಕಟ್ಟಿದರೆ ಉಳಿಯೋದು 30 ಮಿ.ಮೀ. ವಿಸ್ತೀರ್ಣ ವ್ಯಾಸದ ವರ್ಗಕ್ಕೆ ತಕ್ಕಂತೆ ಇಳಿಯುತ್ತೆ. 30ರ ವರ್ಗ ಭಾಗಿಸು 36ರ ವರ್ಗ, 0.69. ಶೇಕಡ 30ರಷ್ಟು ದಾರಿ ಹೋಯ್ತು! ಬ್ಯಾಫಲ್‌ನಲ್ಲಿರೋ ಚಿಕ್ಕ ತೂತುಗಳ ಗತಿ ಇದಕ್ಕಿಂತ ಕಡೆ. 6 ಮಿ.ಮೀ. ತೂತಿನ ಸುತ್ತ ಬರೀ 1 ಮಿ.ಮೀ. ಕಟ್ಟಿದರೂ ಅದರ ವಿಸ್ತೀರ್ಣ ಅರ್ಧಕ್ಕಿಂತ ಕಡಿಮೆಯಾಗುತ್ತೆ.

ಎರಡು ಸ್ಟ್ರೋಕ್‌ನಲ್ಲಿ ಹೊಗೆಯನ್ನು ತಳ್ಳೋಕೆ ಅಂತಲೇ ಪಿಸ್ಟನ್ನಿನ ಒಂದು ಬೇರೆ ಹೊಡೆತ ಇಲ್ಲ. ಎಕ್ಸಾಸ್ಟ್ ಪೋರ್ಟ್ ತೆರೆದಿರೋ ಸ್ವಲ್ಪ ಹೊತ್ತಿನಲ್ಲೇ ಹಳೇ ಗಾಳಿ ಹೋಗಬೇಕು, ಹೊಸ ಮಿಶ್ರಣ ಬರಬೇಕು. ಹೊರದಾರಿ ಕಟ್ಟಿದರೆ ಸುಟ್ಟ ಗಾಳಿ ಒಳಗೇ ಉಳಿಯುತ್ತೆ. ಹೊಸ ಮಿಶ್ರಣಕ್ಕೆ ಜಾಗ ಇರಲ್ಲ.

ಹುಣಸೂರು ಕಡೆಯವರಿಗೆ ಇದು ಬೇಗ ಅರ್ಥ ಆಗುತ್ತೆ. ತಂಬಾಕು ಹರಾಜು ಮಾರುಕಟ್ಟೆ ಇರೋ ಕಟ್ಟೆಮಳಲವಾಡಿಯ ಸುತ್ತಮುತ್ತ ಹೊಲಹೊಲದಲ್ಲೂ ಬ್ಯಾರನ್ ಕಾಣುತ್ತೆ. ವರ್ಜೀನಿಯಾ ಸೊಪ್ಪು ಬೇಯಿಸೋ ಬ್ಯಾರನ್‌ನಲ್ಲಿ ಹೊಗೆ ಎಲೆಗೆ ತಾಗಲ್ಲ. ಒಲೆಯ ಬಿಸಿ ತಗಡಿನ ಕೊಳವೆಗಳ ಒಳಗೆ ಹರಿದು ಚಿಮಣಿಯಿಂದ ಹೊರಗೆ ಹೋಗುತ್ತೆ. ಕೊಳವೆಯಲ್ಲಿ ಮಸಿ ತುಂಬಿದರೆ ಒಲೆಗೆ ಎಷ್ಟು ಸೌದೆ ಹಾಕಿದರೂ ಬೆಂಕಿ ಎಳೆಯಲ್ಲ. ಅಲ್ಲಿ ಯಾರೂ 'ಒಲೆ ಸವೆದಿದೆ' ಅಂತ ಒಲೆ ಒಡೆಯಲ್ಲ, ಕೊಳವೆ ಬಡಿದು ಮಸಿ ತೆಗೀತಾರೆ. ಯೆಜ್ಡಿಗೂ ಅದೇ ನ್ಯಾಯ.

ಬಿಚ್ಚೋ ಮುಂಚೆ ಓದಿ

ಕಟ್ಟೆಮಳಲವಾಡಿಯಲ್ಲಿ ನಮ್ಮ ದೊಡ್ಡಪ್ಪನ ಹತ್ರ ಎರಡು ಸೈಲೆನ್ಸರಿನ ಒಂದು ಯೆಜ್ಡಿ ಇದೆ. ಒಂದೇ ಸಿಲಿಂಡರಿಗೆ ಎರಡು ಎಕ್ಸಾಸ್ಟ್ ಪೋರ್ಟ್, ಎರಡು ಪೈಪ್, ಅದು ಈ ಇಂಜಿನ್ನಿನ ವಿಶೇಷ. "ಹಿಂದೆ ಒಬ್ರು ಕೂತ್ರೆ ಗಾಡಿ ಎಳೆಯಲ್ಲ ಕಣೋ, ಬೋರ್ ಮಾಡಿಸ್ಬೇಕಂತೆ. ಅಷ್ಟು ದುಡ್ಡು ಹಾಕೋ ಬದ್ಲು ಗುಜರಿಗೆ ಕೊಟ್ಬಿಡ್ತೀನಿ" ಅಂದ್ರು. "ತಡೀರಿ ದೊಡ್ಡಪ್ಪ, ಒಂದು ದಿನ ಕೊಡಿ" ಅಂತ ಕೇಳಿ, ಇಂಜಿನ್ ಮುಟ್ಟದೇ ಮೂರು ಪರೀಕ್ಷೆ ಮಾಡಿದ್ವಿ. ನೀವೂ ಅವನ್ನೇ ಮಾಡಿ.

ಒಂದು, ತಣ್ಣಗಿರೋ ಇಂಜಿನ್ನಿನ ಕಿಕ್ಕರನ್ನು ಕೈಯಲ್ಲಿ ನಿಧಾನವಾಗಿ ಒತ್ತಿ. ಸುತ್ತಿಗೆ ಒಮ್ಮೆ ಗಟ್ಟಿಯಾಗಿ ತಡೆದು ನಿಲ್ಲಬೇಕು. ತಡೆ ಚೆನ್ನಾಗಿದ್ದರೆ ರಿಂಗ್, ಬೋರ್ ಪೂರ್ತಿ ಹೋಗಿಲ್ಲ. ದೊಡ್ಡಪ್ಪನ ಗಾಡಿಯಲ್ಲಿ ತಡೆ ಗಟ್ಟಿಯಾಗಿಯೇ ಇತ್ತು.

ಎರಡು, ಸ್ಟಾರ್ಟ್ ಮಾಡಿದ ಕೂಡಲೇ, ಪೈಪ್ ಇನ್ನೂ ತಣ್ಣಗಿರುವಾಗ, ಎರಡು ಸೈಲೆನ್ಸರಿನ ಬಾಯಿಂದ ಸ್ವಲ್ಪ ದೂರದಲ್ಲಿ ಅಂಗೈ ಹಿಡಿಯಿರಿ. ಎರಡೂ ಕಡೆ ಹೊಡೆತ ಸಮನಾಗಿರಬೇಕು. ಅಲ್ಲಿ ಬಲಗಡೆ ಪಟಪಟ ಬಡೀತಿತ್ತು, ಎಡಗಡೆ ಉಸಿರಾಡಿದ ಹಾಗಿತ್ತು.

ಮೂರು, ಪ್ಲಗ್ ಬಿಚ್ಚಿ ಬಣ್ಣ ನೋಡಿ. ಕಾರ್ಬನ್ ಒಂದು ಸಾಕ್ಷಿ, ಕೆರೆದು ಬಿಸಾಡೋ ಮುಂಚೆ ಅದು ಏನು ಹೇಳುತ್ತೆ ಅಂತ ಕೇಳಬೇಕು.

- ಒಣ, ಮೆತ್ತನೆ ಕಪ್ಪು ಮಸಿ ಇದ್ದರೆ ಪೆಟ್ರೋಲ್ ಹೆಚ್ಚಾಗಿದೆ. ಏರ್ ಫಿಲ್ಟರ್ ಕಟ್ಟಿದೆಯಾ, ಚೋಕ್ ಪೂರ್ತಿ ಬಿಡ್ತಿದೆಯಾ ನೋಡಿ.
- ಒದ್ದೆ, ಜಿಡ್ಡು ಕಪ್ಪು ಇದ್ದರೆ ಆಯಿಲ್ ಹೆಚ್ಚಾಗಿದೆ, ಇಲ್ಲವೇ ಸ್ಪಾರ್ಕ್ ಸೊರಗಿದೆ. ಗೇರ್ ಆಯಿಲ್ ಮಟ್ಟವೂ ಇಳೀತಾ ಇದ್ದು ಹೊಗೆ ದಟ್ಟವಾಗಿದ್ದರೆ, ಕ್ರ್ಯಾಂಕ್ ಸೀಲ್ ಸೋರಿ ಗೇರ್ ಆಯಿಲ್ ಇಂಜಿನ್ನಿಗೆ ನುಗ್ತಿರಬಹುದು.
- ಬಿಳಿ, ಬೂದು ಬಣ್ಣದ ಗಟ್ಟಿ ಚಕ್ಕೆ ಇದ್ದರೆ ಇಂಜಿನ್ ಅತಿಯಾಗಿ ಕಾದಿದೆ. ಎಲ್ಲೋ ಗಾಳಿ ಎಳೀತಿದೆ, ಅಥವಾ ಇಗ್ನಿಷನ್ ಟೈಮಿಂಗ್ ಸರಿ ಇಲ್ಲ. ಅಡಿಟಿವ್ ಬೂದಿಯೂ ಇರಬಹುದು.
- ಕಂದು, ಕಾಫಿಪುಡಿ ಬಣ್ಣ ಇದ್ದರೆ ಎಲ್ಲ ಸರಿ ಇದೆ.

ಸೀಲ್ ಸೋರ್ತಾ ಇರೋವಾಗ ಬರೀ ಕಾರ್ಬನ್ ಕೆರೆದು ಮುಚ್ಚಿದರೆ ಮೂರೇ ತಿಂಗಳಿಗೆ ಮತ್ತೆ ಅದೇ ಕಥೆ.

ಮೊದಲ ಕೆಲಸ: ಬ್ಯಾಫಲ್

ಸೈಲೆನ್ಸರಿನ ಹಿಂದಿನ ಬೋಲ್ಟ್ ಬಿಚ್ಚಿದರೆ ಒಳಗಿನ ಬ್ಯಾಫಲ್ ಹೊರಗೆ ಬರಬೇಕು. ವರ್ಷಗಟ್ಟಲೆ ಬಿಚ್ಚದೇ ಇದ್ದರೆ ಬರಲ್ಲ. ಹಿಂದಿನ ದಿನವೇ ತೆಳು ಎಣ್ಣೆ ಬಿಟ್ಟು, ತಿರುಗಿಸಿ ತಿರುಗಿಸಿ ಎಳೀರಿ. ಸುತ್ತಿಗೆ ಹಿಡಿದು ಸೈಲೆನ್ಸರ್ ಮೈ ಬಡಿಯಬೇಡಿ, ಕ್ರೋಮ್ ಸಿಡಿಯುತ್ತೆ.

ಹಳ್ಳಿ ಮೆಕ್ಯಾನಿಕ್‌ಗಳ ಹಳೇ ವಿಧಾನ ಬ್ಯಾಫಲ್ ಸುಡೋದು. ಬ್ಯಾಫಲ್ ಉಕ್ಕಿನದು, ಬೆಂಕಿಗೆ ಹಾಕಿದರೆ ಟಾರ್ ಉರಿದುಹೋಗುತ್ತೆ, ಉಳಿದದ್ದು ತಟ್ಟಿದರೆ ಉದುರುತ್ತೆ. ವಿಧಾನ ಸರಿಯೇ, ಆದರೆ ಬ್ಯಾಫಲ್ ಮಾತ್ರ. ಇಡೀ ಸೈಲೆನ್ಸರ್ ಬೆಂಕಿಗೆ ಹಾಕಿದರೆ ಕ್ರೋಮ್ ನೀಲಿಯಾಗಿ ಹಾಳಾಗುತ್ತೆ. ಬಯಲಲ್ಲಿ, ಪೆಟ್ರೋಲ್ ಡಬ್ಬಿಯಿಂದ ದೂರದಲ್ಲಿ, ಹುಲ್ಲಿನ ಮೆದೆಯಿಂದ ದೂರದಲ್ಲಿ, ಹೊಗೆ ಮೂಗಿಗೆ ಹೊಡೆಯದ ಕಡೆ ನಿಂತು ಮಾಡಿ.

ದೊಡ್ಡಪ್ಪನ ಗಾಡಿಯ ಎಡಗಡೆ ಬ್ಯಾಫಲ್‌ನಲ್ಲಿ ಮುಕ್ಕಾಲು ಪಾಲು ತೂತು ಕಾಣ್ತಲೇ ಇರಲಿಲ್ಲ. ಎರಡೂ ಬ್ಯಾಫಲ್ ಸುಟ್ಟು, ಬಡಿದು, ತಂತಿ ಬ್ರಷ್ ಹಾಕಿ ವಾಪಸ್ ಕೂರಿಸಿದ ಮೇಲೆ ಗಾಡಿ ಇಬ್ಬರನ್ನು ಕೂರಿಸಿಕೊಂಡು ಹೋಯ್ತು. ಬೋರ್ ಮುಟ್ಟೋ ಪ್ರಮೇಯವೇ ಬರಲಿಲ್ಲ. ಗುಜರಿ ಮಾತು ಅಲ್ಲಿಗೆ ನಿಂತಿತು.

ಬ್ಯಾಫಲ್ ಕ್ಲೀನ್ ಮಾಡೋ ಬದಲು ತೆಗೆದೇ ಓಡಿಸೋಣ ಅನ್ನೋರಿದ್ದಾರೆ. ಬೇಡ. ಎರಡು ಸ್ಟ್ರೋಕ್‌ನಲ್ಲಿ ಎಕ್ಸಾಸ್ಟಿನ ಒತ್ತಡದ ಅಲೆಗಳೂ ಇಂಜಿನ್ನಿನ ಉಸಿರಾಟದ ಭಾಗ. ಬ್ಯಾಫಲ್ ಇಲ್ಲದಿದ್ದರೆ ಸದ್ದು ಜಾಸ್ತಿ, ಜೆಟ್ಟಿಂಗ್ ಎಡವಟ್ಟು, ಪೊಲೀಸ್ ದಂಡ ಬೇರೆ.

ಕಾಸ್ಟಿಕ್ ಸೋಡಾ: ಉಕ್ಕಿಗೆ ಮಾತ್ರ

ಸುಡೋಕೆ ಜಾಗ ಇಲ್ಲದವರು ಕಾಸ್ಟಿಕ್ ಸೋಡಾ ಬಳಸ್ತಾರೆ. ಇದು ಜಿಡ್ಡು, ಟಾರ್ ಒಡೆಯುತ್ತೆ, ಉಕ್ಕಿಗೆ ಏನೂ ಮಾಡಲ್ಲ. ಆದರೆ ಪಿಸ್ಟನ್, ಹೆಡ್, ಕಾರ್ಬ್ಯುರೇಟರ್ ಯಾವುದನ್ನೂ ಇದರಲ್ಲಿ ಅದ್ದಲೇಬೇಡಿ. ಅವು ಅಲ್ಯೂಮಿನಿಯಂ ಅಥವಾ ಅದರಂಥ ಮೆದು ಮಿಶ್ರಲೋಹ. ಅಲ್ಯೂಮಿನಿಯಂ ಮೇಲೆ ಸಾಮಾನ್ಯವಾಗಿ ಒಂದು ಆಕ್ಸೈಡ್ ಪೊರೆ ಕಾವಲಿರುತ್ತೆ. ಕ್ಷಾರ ಆ ಪೊರೆಯನ್ನೇ ಕರಗಿಸಿ ಲೋಹಕ್ಕೆ ಕೈ ಹಾಕುತ್ತೆ. ಅಲ್ಯೂಮಿನಿಯಂ, ಸೋಡಿಯಂ ಹೈಡ್ರಾಕ್ಸೈಡ್, ನೀರು ಸೇರಿ ಸೋಡಿಯಂ ಅಲ್ಯೂಮಿನೇಟ್ ಆಗುತ್ತೆ, ಹೈಡ್ರೋಜನ್ ಗುಳ್ಳೆಗುಳ್ಳೆಯಾಗಿ ಬರುತ್ತೆ. ರಾತ್ರಿ ಅದ್ದಿಟ್ಟ ಪಿಸ್ಟನ್ ಬೆಳಗ್ಗೆ ಪಿಸ್ಟನ್ ಆಗಿ ಉಳಿದಿರಲ್ಲ. ಪಕ್ಕದಲ್ಲಿ ಬೀಡಿ ಹಚ್ಚಿದರೆ ಇನ್ನೊಂದು ಅಪಾಯ.

ಬಳಸೋದೇ ಆದರೆ ಲೀಟರ್ ನೀರಿಗೆ 100 ಗ್ರಾಂ ಸಾಕು. ಯಾವಾಗಲೂ ನೀರಿಗೆ ಸೋಡಾ ಹಾಕಿ, ಸ್ವಲ್ಪ ಸ್ವಲ್ಪವಾಗಿ. ಸೋಡಾ ಮೇಲೆ ನೀರು ಸುರಿದರೆ ಕುದಿದು ಮುಖಕ್ಕೆ ಎಗರುತ್ತೆ. ಗಟ್ಟಿ ಪ್ಲಾಸ್ಟಿಕ್ ಬಕೆಟ್ ಇರಲಿ, ಅಲ್ಯೂಮಿನಿಯಂ ಪಾತ್ರೆ ಬೇಡ. ರಬ್ಬರ್ ಗ್ಲೌಸ್, ಕಣ್ಣಿಗೆ ಗಾಗಲ್ಸ್ ಕಡ್ಡಾಯ. ಕಣ್ಣಿಗೆ ಸಿಡಿದರೆ ಹರಿಯೋ ನೀರಿನಲ್ಲಿ ತೊಳೀತಾನೇ ಇದ್ದು ಆಸ್ಪತ್ರೆಗೆ ಹೋಗಿ. ಉಳಿದ ಕರಿ ನೀರನ್ನು ಲಕ್ಷ್ಮಣತೀರ್ಥಕ್ಕೋ ಕೆರೆಗೋ ಹೊಲಕ್ಕೋ ಚೆಲ್ಲಬೇಡಿ.

ಹೆಡ್ ಮತ್ತು ಪಿಸ್ಟನ್

ಸೈಲೆನ್ಸರ್ ಸರಿಯಾದ ಮೇಲೂ ಇಂಜಿನ್ ಬಡಿದರೆ, ಕೀ ತೆಗೆದರೂ ಓಡಿದರೆ, ಆಗ ಹೆಡ್ ಬಿಚ್ಚಿ. ಇಂಜಿನ್ ಪೂರ್ತಿ ತಣ್ಣಗಿರಬೇಕು. ನಟ್‌ಗಳನ್ನು ಎದುರುಬದುರಾಗಿ, ಒಂದೊಂದನ್ನೂ ಸ್ವಲ್ಪ ಸ್ವಲ್ಪವೇ ಸಡಿಲಿಸಿ. ಹೆಡ್ ಅಂಟಿಕೊಂಡಿದ್ದರೆ ಮರದ ಸುತ್ತಿಗೆಯಿಂದ ಮೆತ್ತಗೆ ತಟ್ಟಿ. ಫಿನ್‌ಗಳ ನಡುವೆ ಸ್ಕ್ರೂಡ್ರೈವರ್ ಹಾಕಿ ಮೀಟಿದರೆ ಫಿನ್ ಮುರಿಯುತ್ತೆ, ಕೂರೋ ಮೈ ಗೀರಾಗುತ್ತೆ.

ಹತಾರ ಬಹಳ ಸರಳ. ನಿಯಮ ಒಂದೇ, ಕೆರೆಯೋ ವಸ್ತು ಅಲ್ಯೂಮಿನಿಯಂಗಿಂತ ಮೆದುವಾಗಿರಬೇಕು. ಬಿದಿರಿನ ಚಕ್ಕೆಯನ್ನು ಉಳಿಯ ಥರ ಹೆರೆದುಕೊಳ್ಳಿ, ಅದೇ ಒಳ್ಳೆಯ ಸ್ಕ್ರೇಪರ್. ಹ್ಯಾಕ್ಸಾ ಬ್ಲೇಡ್, ಸ್ಕ್ರೂಡ್ರೈವರ್, ಎಮರಿ ಪೇಪರ್ ಮೂರೂ ದೂರ ಇರಲಿ. ಪಿಸ್ಟನ್ ತಲೆಯ ಮೇಲಿನ ಪ್ರತಿ ಗೀರೂ ಮುಂದಿನ ಕಾರ್ಬನ್ನಿಗೆ ಕಾಲೂರೋ ಜಾಗ. ಎಮರಿಯ ಹರಳು ಬೋರಿನಲ್ಲಿ ಉಳಿದರೆ ರಿಂಗನ್ನೇ ತಿನ್ನುತ್ತೆ.

ಒಣಗಿದ್ದಾಗ ಕೆರೆಯಬೇಡಿ. 2000ನೇ ಇಸವಿಯವರೆಗೂ ನಮ್ಮ ದೇಶದಲ್ಲಿ ಸೀಸ ಬೆರೆಸಿದ ಪೆಟ್ರೋಲ್ ಬಳಕೆಯಲ್ಲಿತ್ತು. ಅಲ್ಲಿಂದ ಬಿಚ್ಚದೇ ಇರೋ ಇಂಜಿನ್ನಿನ ಪದರದಲ್ಲಿ ಸೀಸ ಇರಬಹುದು, ಆ ಧೂಳು ಉಸಿರಿಗೆ ಹೋಗಬಾರದು. ಮಾಸ್ಕ್ ಹಾಕಿಕೊಂಡು, ಸೀಮೆಎಣ್ಣೆ ಅಥವಾ ಡೀಸೆಲ್‌ನಲ್ಲಿ ಒದ್ದೆ ಮಾಡಿಯೇ ಕೆರೆಯಿರಿ. ಹೆಡ್ಡನ್ನು ಒಂದು ರಾತ್ರಿ ನೆನೆಹಾಕಬಹುದು.

ಪಿಸ್ಟನ್ ತಲೆ ಕೆರೆಯೋ ಕ್ರಮ ಹೀಗಿದೆ:

1. ಪಿಸ್ಟನ್ನನ್ನು ಪೂರ್ತಿ ಮೇಲಕ್ಕೆ ತನ್ನಿ. ಪಿಸ್ಟನ್ ಮತ್ತು ಬೋರ್ ನಡುವಿನ ಸಂದಿಗೆ ಸುತ್ತಲೂ ಗ್ರೀಸ್ ತುಂಬಿ. ಉದುರೋ ಚೂರು ಕೆಳಗೆ ಇಳಿಯದೇ ಗ್ರೀಸಿಗೆ ಅಂಟುತ್ತೆ.
2. ಅಂಚಿನಿಂದ ನಡುವಿಗೆ ಕೆರೆಯಿರಿ, ಬಟ್ಟೆಯಲ್ಲಿ ಒರೆಸಿ ತೆಗೆಯಿರಿ.
3. ಪಿಸ್ಟನ್ನನ್ನು ಸ್ವಲ್ಪ ಕೆಳಗೆ ಇಳಿಸಿ. ಬೋರಿನ ಗೋಡೆ ಮೇಲೆ ಗ್ರೀಸಿನ ಒಂದು ಬಳೆ ಉಳಿದಿರುತ್ತೆ, ಕಸ ಸಮೇತ ಅದನ್ನು ಒರೆಸಿ.
4. ಇನ್ನೂ ಇಳಿಸಿ, ಪಿಸ್ಟನ್ ಪೂರ್ತಿ ಕೆಳಗಿದ್ದಾಗ ಎಕ್ಸಾಸ್ಟ್ ಪೋರ್ಟ್ ತೆರೆದಿರುತ್ತೆ. ಟ್ರಾನ್ಸ್‌ಫರ್ ಪೋರ್ಟ್‌ಗಳೂ ತೆರೆದಿರುತ್ತವೆ, ಅವಕ್ಕೆ ಬಟ್ಟೆ ತುರುಕಿ. ಎಷ್ಟು ಬಟ್ಟೆ ಹಾಕಿದಿರಿ ಎಣಿಸಿಕೊಳ್ಳಿ. ಪೋರ್ಟಿನ ಕಾರ್ಬನ್ನನ್ನು ಹೊರಗಿನಿಂದ, ಹೊರಕ್ಕೆ ಎಳೆದು ತೆಗೆಯಿರಿ.
5. ಎಲ್ಲ ಒರೆಸಿ, ಅಷ್ಟೇ ಬಟ್ಟೆ ವಾಪಸ್ ಬಂತಾ ಎಣಿಸಿ.

ಪೋರ್ಟಿನ ಅಂಚನ್ನು ಫೈಲ್ ಹಾಕಿ 'ಸ್ವಲ್ಪ ದೊಡ್ಡದು' ಮಾಡೋ ಆಸೆ ಬರುತ್ತೆ. ಪೋರ್ಟಿನ ಮೇಲಂಚು ಅಂದ್ರೇ ಟೈಮಿಂಗ್. ಅದನ್ನು ಮುಟ್ಟಿದರೆ ನೀವು ಕ್ಲೀನ್ ಮಾಡ್ತಿಲ್ಲ, ಇಂಜಿನ್ ಡಿಸೈನ್ ಬದಲಾಯಿಸ್ತಿದ್ದೀರಿ.

ರಿಂಗ್ ಅಂಟಿದ್ದರೆ ಮಾತ್ರ ಸಿಲಿಂಡರ್ ಎತ್ತಿ

ಕಿಕ್ಕರಿನ ತಡೆ ಕಮ್ಮಿ ಇದ್ದರೆ ರಿಂಗ್ ಗಾಡಿಯಲ್ಲೇ ಕಾರ್ಬನ್ ಹಿಡಿದು ಅಂಟಿರಬಹುದು. ಇದನ್ನೂ ಎಷ್ಟೋ ಸಲ 'ಬೋರ್ ಹೋಗಿದೆ' ಅಂತ ತಿಳೀತಾರೆ. ಸಿಲಿಂಡರ್ ಎತ್ತುವಾಗ ಕ್ರ್ಯಾಂಕ್‌ಕೇಸಿನ ಬಾಯಿಗೆ ಮೊದಲು ಬಟ್ಟೆ ಮುಚ್ಚಿ. ರಿಂಗ್ ಎರಕದ ಕಬ್ಬಿಣ, ಬಗ್ಗಲ್ಲ, ಮುರಿಯುತ್ತೆ. ನೆನೆಸಿ, ತೆಳು ತಗಡಿನ ಪಟ್ಟಿ ತೂರಿಸಿ ನಿಧಾನವಾಗಿ ಬಿಡಿಸಿ. ಯಾವ ಗಾಡಿಯದು ಯಾವುದು, ಮೇಲ್ಮುಖ ಯಾವುದು ಅಂತ ಗುರುತು ಇಡಿ. ಗಾಡಿ ಕೆರೆಯಲು ಮುರಿದ ಹಳೇ ರಿಂಗಿನ ತುಂಡೇ ಒಳ್ಳೆಯದು, ಆದರೆ ಕಾರ್ಬನ್ ಮಾತ್ರ ತೆಗೆಯಿರಿ, ಲೋಹ ಬೇಡ.

ಜೋಡಿಸುವಾಗ ಒಂದು ವಿಷಯ ತಪ್ಪಬಾರದು. ಎರಡು ಸ್ಟ್ರೋಕ್ ಪಿಸ್ಟನ್ನಿನ ರಿಂಗ್ ಗಾಡಿಯಲ್ಲಿ ಚಿಕ್ಕ ಪಿನ್ ಇರುತ್ತೆ. ರಿಂಗಿನ ಎರಡು ತುದಿ ಆ ಪಿನ್ನಿನ ಎಡಬಲಕ್ಕೆ ಕೂರಬೇಕು. ರಿಂಗ್ ತಿರುಗಿ ಅದರ ತುದಿ ಪೋರ್ಟಿಗೆ ಸಿಕ್ಕದಿರಲಿ ಅಂತಲೇ ಆ ಪಿನ್. ಪಿನ್ ಮೇಲೆ ರಿಂಗ್ ಹತ್ತಿಸಿ ಸಿಲಿಂಡರ್ ಬಲವಂತವಾಗಿ ಇಳಿಸಿದರೆ ರಿಂಗ್ ಮುರಿಯುತ್ತೆ.

ಹೆಡ್ ಕೂರಿಸಿ, ನಟ್‌ಗಳನ್ನು ಎದುರುಬದುರಾಗಿ ಮೂರು ಸುತ್ತಿನಲ್ಲಿ ಬಿಗಿ ಮಾಡಿ. ಒಂದು ಸಲ ಓಡಿಸಿ, ಪೂರ್ತಿ ತಣ್ಣಗಾದ ಮೇಲೆ ಮತ್ತೊಮ್ಮೆ ಬಿಗಿ ನೋಡಿ.

ಅಡ್ಡದಾರಿ ಬೇಡ

ಓಡ್ತಿರೋ ಇಂಜಿನ್ನಿನ ಕಾರ್ಬ್ಯುರೇಟರಿಗೆ ನೀರೋ ಡೀಸೆಲ್ಲೋ ಚಿಮುಕಿಸಿದರೆ ಕಾರ್ಬನ್ ಕಿತ್ತು ಬರುತ್ತೆ ಅಂತ ಕೇಳಿರ್ತೀರಿ. ಎರಡು ಸ್ಟ್ರೋಕ್‌ನಲ್ಲಿ ಅದು ಮೊದಲು ಹೋಗೋದು ಕ್ರ್ಯಾಂಕ್‌ಕೇಸಿಗೆ. ಅಲ್ಲಿನ ಬೇರಿಂಗಿಗೆ ಇರೋ ಒಂದೇ ಆಸರೆ ಪೆಟ್ರೋಲ್ ಜೊತೆ ಬರೋ ಆಯಿಲ್. ನೀರು ಅದನ್ನು ತೊಳೆದುಬಿಡುತ್ತೆ. ಕಿತ್ತುಬಂದ ಗಟ್ಟಿ ಚಕ್ಕೆ ಪಿಸ್ಟನ್ ಮತ್ತು ಬೋರ್ ನಡುವೆ ಸಿಕ್ಕಿದರೆ ಗೀರು ಖಂಡಿತ.

ಕಾರ್ಬನ್ ಕಟ್ಟಬಾರದು ಅಂತ ಆಯಿಲ್ ಕಮ್ಮಿ ಹಾಕೋದು ಇದಕ್ಕಿಂತ ದೊಡ್ಡ ತಪ್ಪು. ಕಾರ್ಬನ್ ಕೆರೆಯಬಹುದು, ಸೀಜ್ ಆದ ಪಿಸ್ಟನ್ನಿಗೆ ಲೇತ್ ಅಂಗಡಿಯೇ ಗತಿ. ಮ್ಯಾನ್ಯುಅಲ್ ಹೇಳಿದ ಪ್ರಮಾಣ ಇಟ್ಟುಕೊಂಡು, ಆಯಿಲಿನ ಗುಣಮಟ್ಟ ಸುಧಾರಿಸಿ. 2ಟಿ ಡಬ್ಬಿ ಮೇಲೆ ಜಾಸೋ ಎಫ್‌ಸಿ ಅಥವಾ ಎಫ್‌ಡಿ ಅಂತ ಇದೆಯಾ ನೋಡಿ. ಎಫ್‌ಸಿ ಅಂದ್ರೆ ಹೊಗೆ ಕಮ್ಮಿ, ಎಫ್‌ಡಿ ಅಂದ್ರೆ ಅದರ ಜೊತೆ ಒಳಗಿನ ಕೊಳೆ ತಡೆಯೋ ಗುಣವೂ ಹೆಚ್ಚು. ಅಂದಾಜಿಗೆ ಸುರಿಯದೇ ಅಳತೆ ಲೋಟ ಬಳಸಿ.

ಕೊನೆಯದು ಓಡಿಸೋ ರೀತಿ. ಮನೆಯಿಂದ ಹೊಲಕ್ಕೆ, ಹೊಲದಿಂದ ಅಂಗಡಿಗೆ ಅಂತ ಬರೀ ಒಂದೆರಡು ಕಿ.ಮೀ. ಓಡೋ ಗಾಡಿಯ ಸೈಲೆನ್ಸರ್ ಯಾವತ್ತೂ ಸರಿಯಾಗಿ ಕಾಯಲ್ಲ. ಆಯಿಲಿನ ಆವಿ ತಣ್ಣಗಿನ ಬ್ಯಾಫಲ್ ಮೇಲೆ ಕೂತು ಟಾರ್ ಆಗುತ್ತೆ. ವಾರಕ್ಕೊಮ್ಮೆ ಹುಣಸೂರು ರಸ್ತೆಯಲ್ಲಿ ಅರ್ಧ ಗಂಟೆ ಹದವಾದ ವೇಗದಲ್ಲಿ ಓಡಿಸಿ. ಟೂಲ್ ಬಾಕ್ಸಿನಲ್ಲಿ ಒಂದು ಚಿಕ್ಕ ನೋಟ್‌ಬುಕ್ ಇಡಿ. ಕಿಲೋಮೀಟರ್, ಹಾಕಿದ ಆಯಿಲ್, ಪ್ಲಗ್ಗಿನ ಬಣ್ಣ, ಬ್ಯಾಫಲ್ ಬಿಚ್ಚಿದ ತಾರೀಖು ಬರೆಯಿರಿ. ಮುಂದಿನ ಸಲ ಯಾರಾದರೂ 'ಬೋರ್ ಮಾಡಿಸಿ' ಅಂದಾಗ, ಹೌದೋ ಅಲ್ಲವೋ ಅಂತ ಆ ನೋಟ್‌ಬುಕ್ ನೋಡಿ ನೀವೇ ಹೇಳಬಹುದು.